ಹಣ್ಣಿನ ನೊಣದ ಕೆಲಸಕ್ಕೆ ನೊಬೆಲ್ ಯಾಕೆ?

ನೊಣದ ಭ್ರೂಣ ನೋಡಿಕೊಂಡು ಕೂತವರಿಗೆ 1995ರಲ್ಲಿ ವೈದ್ಯಕೀಯದ ನೊಬೆಲ್ ಕೊಟ್ಟಿದ್ದು ಯಾಕೆ, ಮನುಷ್ಯರಿಗೆ ಅದರಿಂದ ಏನು ಸಿಕ್ಕಿತು ಅಂತ ಕೇಳಿದ್ದೀರಿ. ನಾನು ವಿರಾಜಪೇಟೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಪ್ರಕಾರ ಅದು ಸಿಗಲೇಬೇಕಾದ ಕೆಲಸಕ್ಕೆ ಸಿಕ್ಕಿದ ಗೌರವ.

ನಮ್ಮ ತೋಟಗಳಲ್ಲಿ ಕೊಳೆತ ಕಿತ್ತಳೆಗೆ, ಪಲ್ಪಿಂಗ್ ಆದ ಮೇಲೆ ಉಳಿದ ಕಾಫಿ ಸಿಪ್ಪೆಗೆ ಮುತ್ತುತ್ತಲ್ಲ, ಆ ಜಾತಿಯ ಪುಟ್ಟ ನೊಣ. ಹೆಸರು ಡ್ರೊಸೊಫಿಲಾ. ಮೊಟ್ಟೆಯಿಂದ ಮರಿಹುಳ ಬರಲು ಸುಮಾರು ಒಂದು ದಿನ ಸಾಕು.

ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಟ್ ಮತ್ತು ಎರಿಕ್ ವೀಶೌಸ್ ಈ ನೊಣಗಳಿಗೆ ರಾಸಾಯನಿಕ ಉಣಿಸಿ ಜೀನ್‌ಗಳನ್ನು ಕೆಡಿಸಿದರು, ಆಮೇಲೆ ಇಬ್ಬರೂ ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪಿನಲ್ಲಿ ಸಾವಿರಾರು ತಳಿಗಳ ಭ್ರೂಣಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಇಂಥ ಜೀನ್ ಸಿಗುತ್ತೆ ಅಂತ ಮೊದಲೇ ಊಹಿಸಿ ಹೊರಟವರಲ್ಲ. ಏನು ಕೆಟ್ಟಿದೆಯೋ ಅದನ್ನು ನೋಡಿ, ಅದು ಸರಿ ಇದ್ದಾಗ ಏನು ಮಾಡುತ್ತಿತ್ತು ಅಂತ ತಿಳಿದುಕೊಂಡರು. 1980ರಲ್ಲಿ ಮರಿಹುಳದ ಮೈಯ ಪಟ್ಟಿಗಳನ್ನು, ಅಂದರೆ ಒಂದರ ಹಿಂದೆ ಒಂದಿರುವ ಅಡ್ಡ ಭಾಗಗಳನ್ನು, ರೂಪಿಸುವ 15 ಜೀನ್‌ಗಳ ಬಗ್ಗೆ ಬರೆದರು. ಕೆಲವು ಕೆಟ್ಟರೆ ಸಾಲಾಗಿ ಹಲವು ಪಟ್ಟಿಗಳೇ ಇಲ್ಲ. ಕೆಲವು ಕೆಟ್ಟರೆ ಒಂದು ಬಿಟ್ಟು ಒಂದು ಇಲ್ಲ. ಇನ್ನು ಕೆಲವು ಕೆಟ್ಟರೆ ಪ್ರತಿ ಪಟ್ಟಿಯಲ್ಲೂ ಒಂದು ತುಂಡು ಕಾಣೆ. ಅಂದರೆ ದೇಹವನ್ನು ಮೊದಲು ದೊಡ್ಡದಾಗಿ, ಆಮೇಲೆ ಸಣ್ಣದಾಗಿ ಭಾಗ ಮಾಡಲಾಗುತ್ತದೆ. ಎಷ್ಟು ಚೆಂದದ ಉತ್ತರ ಅಲ್ವಾ!

ಮೂರನೆಯವರು ಅಮೆರಿಕದ ಎಡ್ವರ್ಡ್ ಲೂಯಿಸ್. ಎರಡು ರೆಕ್ಕೆಯ ನೊಣಕ್ಕೆ ಕೆಲವೊಮ್ಮೆ ನಾಲ್ಕು ರೆಕ್ಕೆ ಯಾಕೆ ಬರುತ್ತೆ ಅಂತ ದಶಕಗಳ ಕಾಲ ಹುಡುಕಿದವರು. ದೇಹದ ಯಾವ ಭಾಗ ಏನಾಗಬೇಕು ಅಂತ ನಿರ್ಧರಿಸುವ ಜೀನ್‌ಗಳು ಕ್ರೋಮೋಸೋಮಿನ ಮೇಲೆ ಕೂತಿರುವ ಸಾಲೂ ದೇಹದಲ್ಲಿ ಅವು ಕೆಲಸ ಮಾಡುವ ಭಾಗಗಳ ಸಾಲೂ ಒಂದೇ ಅಂತ ತೋರಿಸಿದರು. ಅವುಗಳ ನೆಂಟ ಜೀನ್‌ಗಳು ನಮ್ಮಲ್ಲೂ ಅದೇ ಕ್ರಮದಲ್ಲಿವೆ.

ಉಪಯೋಗ ಕೇಳಿದಿರಲ್ಲ? ಆ 15ರಲ್ಲಿ ಹೆಡ್ಜ್‌ಹಾಗ್ ಅಂತ ಒಂದಿದೆ. ಮನುಷ್ಯರಲ್ಲಿರುವ ಅದರ ನೆಂಟ ಕೆಟ್ಟರೆ ಮಗುವಿನ ಮೆದುಳು ಎರಡು ಭಾಗವಾಗದೆ ಉಳಿಯಬಹುದು. ಈ ಜೀನ್ ಜೀವಕೋಶಗಳಿಗೆ ಸಂದೇಶ ಮುಟ್ಟಿಸುವ ದಾರಿ ಅತಿಯಾಗಿ ಕೆಲಸ ಮಾಡಿದಾಗ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ. ಆ ದಾರಿಯನ್ನು ತಡೆಯುವ ವಿಸ್ಮೊಡೆಗಿಬ್ ಎಂಬ ಔಷಧಿಗೆ ಅಮೆರಿಕದಲ್ಲಿ 2012ರಲ್ಲಿ ಒಪ್ಪಿಗೆ ಸಿಕ್ಕಿತು. ನೊಣ ನೋಡಿದ್ದಕ್ಕೂ ಔಷಧಿ ಬಂದಿದ್ದಕ್ಕೂ ನಡುವೆ ಮೂವತ್ತು ವರ್ಷಕ್ಕಿಂತ ಜಾಸ್ತಿ. ತಕ್ಷಣ ಏನು ಸಿಕ್ಕಿತು ಅಂತ ಕೇಳಿದ್ದರೆ ಈ ಕೆಲಸಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ.

ನೀವು ಮಡಿಕೇರಿಯವರು, ಬಿಎಸ್ಸಿ ಓದುತ್ತಿದ್ದೇನೆ ಅಂದಿದ್ದೀರಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಡ್ರೊಸೊಫಿಲಾ ತಳಿಗಳನ್ನು ಸಾಕಿಡುವ ಕೇಂದ್ರ ಇದೆ. ನಿಮ್ಮ ಲೆಕ್ಚರರ್ ಮೂಲಕ ಕೇಳಿ ನೋಡಿ.