ಡ್ಯೂಡ್ ಅಂದ್ರೆ ಬೈಗುಳಾನಾ?

ಪ್ರಶ್ನೆ: ಸಾರ್, ಗೋಣಿಕೊಪ್ಪ ಹತ್ರ ನಮ್ದೊಂದು ಚಿಕ್ಕ ಹೋಮ್‌ಸ್ಟೇ ಇದೆ. ವೀಕೆಂಡಿಗೆ ಬರೋ ಬೆಂಗಳೂರು ಹುಡುಗ್ರು ನಂಗೂ, ಅವ್ರ ಜೊತೆ ಬಂದಿರೋ ಹುಡುಗೀರಿಗೂ, ಎಲ್ಲಾರ್ಗೂ ಡ್ಯೂಡ್ ಅಂತಾರೆ. ಅದು ಆನೆ ಹಿಂಭಾಗದ ಕೂದಲಿನ ಹೆಸ್ರು ಅಂತ ವಾಟ್ಸಾಪಲ್ಲಿ ಬಂದಿತ್ತು, ನಿಜಾನಾ? ನಂಗೆ ಅರವತ್ತು ದಾಟಿದೆ, ಬೇಜಾರ್ ಮಾಡ್ಕೋಬೇಕಾ?
— ಓದುಗರು, ಗೋಣಿಕೊಪ್ಪ

ಉತ್ತರ: ಆನೆ ಕೂದಲಿನ ಕಥೆ ಪೂರ್ತಿ ಸುಳ್ಳು, ದಯವಿಟ್ಟು ಯಾರಿಗೂ ಫಾರ್ವರ್ಡ್ ಮಾಡ್ಬೇಡಿ.

ಈ ಪದ ಜೋರಾಗಿ ಓಡಾಡೋಕೆ ಶುರುವಾಗಿದ್ದು 1883ರಲ್ಲಿ, ನ್ಯೂಯಾರ್ಕಲ್ಲಿ. ಆ ವರ್ಷ ಜನವರೀಲಿ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೇಲಿ ರಾಬರ್ಟ್ ಸೇಲ್ ಹಿಲ್ ಅನ್ನೋರು ಡ್ಯೂಡ್ ಬಗ್ಗೆ ಒಂದು ಪದ್ಯ ಬರೆದ್ರು, ಆಮೇಲೆ ಊರೆಲ್ಲಾ ಅದೇ ಮಾತು. ಟೈಟ್ ಪ್ಯಾಂಟು, ಕೈಲಿ ಕೋಲು, ಇಂಗ್ಲೆಂಡಿನವ್ರ ಥರ ಮಾತಾಡೋ ಶೋಕಿ, ಅಂಥ ಶ್ರೀಮಂತರ ಮನೆ ಹುಡುಗ್ರನ್ನ ಆಡ್ಕೊಳ್ಳೋಕೆ ಬಳಸ್ತಿದ್ದ ಪದ. ಯಾಂಕಿ ಡೂಡಲ್ ಅನ್ನೋ ಅಮೆರಿಕಾದ ಹಳೇ ಹಾಡಲ್ಲಿ ಟೋಪಿಗೆ ಗರಿ ಸಿಗಿಸ್ಕೊಂಡು ಮೆರೀತಾನಲ್ಲ ಒಬ್ಬ, ಆ ಡೂಡಲ್‌ನಿಂದಾನೇ ಡ್ಯೂಡ್ ಬಂದಿರ್ಬೇಕು ಅಂತ ಪದಗಳ ಮೂಲ ಹುಡುಕೋ ಪಂಡಿತರು ಹೇಳ್ತಾರೆ, ನಂಗೂ ಅದು ಸರಿ ಅನ್ಸುತ್ತೆ.

ನಿಮ್ಗೆ ನಿಜವಾಗ್ಲೂ ಬೇಕಾಗಿರೋದು ಮುಂದಿನ ಕಥೆ. ಅಮೆರಿಕಾದ ಪಶ್ಚಿಮದಲ್ಲಿ ದನ ಸಾಕೋ ದೊಡ್ಡ ದೊಡ್ಡ ರಾಂಚ್‌ಗಳಿದ್ವು, ಅಲ್ಲಿಗೆ ಪೂರ್ವದ ಪಟ್ಟಣಗಳಿಂದ ಕುದುರೆ ಹತ್ತೋಕೆ, ಹಳ್ಳಿ ಗಾಳಿ ಕುಡಿಯೋಕೆ ಬರೋ ಜನಕ್ಕೆ ಅಲ್ಲಿನವ್ರು ಡ್ಯೂಡ್ ಅಂತಿದ್ರು. ಈಟನ್ ಅನ್ನೋ ಅಣ್ಣತಮ್ಮಂದಿರು ಡಕೋಟಾದಲ್ಲಿ ಹಾಗೇ ನೆಂಟರು ಸ್ನೇಹಿತರನ್ನ ಇಟ್ಕೊಂಡು ಊಟ ಹಾಕೀ ಹಾಕೀ ಕೊನೆಗೆ ದುಡ್ಡು ತಗೊಳ್ಳೋಕೆ ಶುರು ಮಾಡಿದ್ರು, 1904ರಲ್ಲಿ ವಯೋಮಿಂಗ್‌ಗೆ ಹೋಗಿ ಅಲ್ಲೂ ಅದನ್ನೇ ನಡೆಸಿದ್ರು. ಅಂಥ ಜಾಗಕ್ಕೆ ಡ್ಯೂಡ್ ರಾಂಚ್ ಅಂತಾನೇ ಹೆಸರಾಯ್ತು. ಕಾಫಿ ರೇಟ್ ಬಿದ್ದ ವರ್ಷ ತೋಟದ ಮನೇಲಿ ಎರಡು ರೂಮ್ ಖಾಲಿ ಮಾಡ್ಸಿ ಗೆಸ್ಟ್ ಇಟ್ಕೊಂಡ ನಮ್ಮ ಕೊಡಗಿನ ಎಷ್ಟೋ ಮನೆಗಳ ಕಥೇನೂ ಇದೇ ಅಲ್ವಾ! ಆ ಲೆಕ್ಕದಲ್ಲಿ ಡ್ಯೂಡ್ ಅನ್ನಿಸ್ಕೋಬೇಕಾದವ್ರು ನಿಮ್ಮ ಗೆಸ್ಟ್‌ಗಳು, ನೀವಲ್ಲ.

ಆಮೇಲೆ ಅಮೆರಿಕಾದ ಕಪ್ಪು ಜನರು, ಮೆಕ್ಸಿಕನ್ ಮೂಲದ ಯುವಕರು ಒಬ್ರನ್ನೊಬ್ರು ಡ್ಯೂಡ್ ಅಂತ ಕರೆಯೋಕೆ ಶುರು ಮಾಡಿದ್ರು, ಅಲ್ಲಿಂದ ಕ್ಯಾಲಿಫೋರ್ನಿಯಾದಲ್ಲಿ ಅಲೆ ಮೇಲೆ ಸರ್ಫಿಂಗ್ ಮಾಡೋ ಹುಡುಗ್ರ ಬಾಯಿಗೆ ಬಂತು, ಆಡ್ಕೊಳ್ಳೋ ಅರ್ಥ ಹೋಗಿ ಸ್ನೇಹದ ಅರ್ಥ ಬಂತು. ಪಿಟ್ಸ್‌ಬರ್ಗ್ ಯೂನಿವರ್ಸಿಟಿಯ ಭಾಷಾವಿಜ್ಞಾನಿ ಸ್ಕಾಟ್ ಕೀಸ್ಲಿಂಗ್ 2004ರಲ್ಲಿ ಈ ಒಂದೇ ಪದದ ಮೇಲೆ ಲೇಖನ ಬರೆದಿದ್ದಾರೆ: ಹತ್ತಿರದವರು ಅನ್ನೋದನ್ನೂ ತೋರಿಸ್ಬೇಕು, ಜಾಸ್ತಿ ಅಂಟ್ಕೊಂಡ ಹಾಗೂ ಕಾಣಬಾರದು, ಅಂಥಲ್ಲಿ ಹುಡುಗ್ರು ಇದನ್ನ ಹೆಚ್ಚು ಬಳಸ್ತಾರೆ ಅಂತ. ಈಗ ಹುಡುಗೀರೂ ಧಾರಾಳವಾಗಿ ಅಂತಾರೆ. ನಮ್ಮಲ್ಲಿ 'ಏನ್ ಗುರು' ಅಂದಂಗೆ ಅಷ್ಟೇ.

ಹಾಗಾಗಿ ಬೈಗುಳ ಅಲ್ಲ. ಆದ್ರೆ ಅದು ಸರೀಕರ ಮಾತು, ಅಪ್ಪನ ವಯಸ್ಸಿನವ್ರಿಗೆ ಅನ್ನೋದು ತಪ್ಪು ಅಂತಾನೇ ನನ್ನ ಅಭಿಪ್ರಾಯ. 'ಅಂಕಲ್ ಅನ್ರಪ್ಪ' ಅಂತ ನೇರವಾಗಿ ಹೇಳಿ, ಒಳ್ಳೆ ಮನೆ ಮಕ್ಕಳು ತಕ್ಷಣ ತಿದ್ಕೊಳ್ತಾರೆ.