ಬಾಗಿಲು ಎಷ್ಟೆತ್ತರ?

ಧಾರವಾಡದಿಂದ ಬಂದು ಬೆಂಗಳೂರಲ್ಲಿ ಮನೆ ಮಾಡಿರುವ ನೀವು ಕೇಳಿದ್ದು ಹೀಗೆ: ಚಿತ್ರಕಲಾ ಪರಿಷತ್ತು ಆಯ್ತು, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ ಆಯ್ತು, ಕಸ್ತೂರಬಾ ರಸ್ತೆಯ ಹೊಸ ಮ್ಯೂಸಿಯಮ್ಮೂ ಆಯ್ತು. ನಿಮ್ಮ ಕೋಲಾರದ ಕಡೆ ಒಂದು ಭಾನುವಾರ ಬಂದರೆ ಯಾವ ಗ್ಯಾಲರಿ ನೋಡಲಿ?

ನಾನು ಮುಳಬಾಗಿಲಿನವನು. ಇಲ್ಲಿಂದ ಪೂರ್ವಕ್ಕೆ ಹೊರಟರೆ ನಂಗಲಿ, ಅದನ್ನು ದಾಟಿದರೆ ಆಂಧ್ರ. ಬಿಳಿ ಗೋಡೆ, ಮೇಲಿಂದ ಬೀಳುವ ಲೈಟು, ಚಿತ್ರದ ಪಕ್ಕ ಹೆಸರು ಬರೆದ ಚೀಟಿ, ಮಾತಾಡದೆ ಓಡಾಡುವ ಜನ, ಇದೆಲ್ಲ ನಮ್ಮೂರಲ್ಲಿ ಇಲ್ಲ. ಯಾವಾಗಲೋ ಒಮ್ಮೆ ಶಾಲೆಯ ಹಾಲಿನಲ್ಲಿ ಮಕ್ಕಳ ಚಿತ್ರಗಳನ್ನು ದಾರಕ್ಕೆ ಕ್ಲಿಪ್ಪು ಹಾಕಿ ತೂಗುಬಿಡುತ್ತಾರೆ. ಫ್ಯಾನು ಹಾಕಿದರೆ ಅವೂ ಹಾರುತ್ತವೆ.

ಹಾಗಂತ ನೋಡೋಕೆ ಏನೂ ಇಲ್ಲ ಅಂತಲ್ಲ. ನಮ್ಮ ಕಡೆ ಕೆಲಸವೆಲ್ಲ ಆರ್ಡರ್ ಮೇಲೆ ನಡೆಯುತ್ತದೆ. ಯಾವುದೋ ಊರಲ್ಲಿ ದೇವಸ್ಥಾನ ಕಟ್ಟಿದ್ದಾರೆ, ಯಾರೋ ಹರಕೆ ಹೊತ್ತಿದ್ದಾರೆ, ಯಾರ ಮನೆಯಲ್ಲೋ ಸಾವಾಗಿದೆ, ಎಲ್ಲೋ ಜಾತ್ರೆ. ಅದಕ್ಕೆ ಬೇಕಾದದ್ದನ್ನು ಮಾಡುತ್ತಾರೆ. ಮುಗಿದ ಮೇಲೆ ಅದು ಟೆಂಪೋ ಹತ್ತಿ ಹೊರಟುಹೋಗುತ್ತದೆ, ಇಲ್ಲವೇ ಬೆಳಗಾಗುವಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಹಾಗಾಗಿ ಇಲ್ಲಿಗೆ ಬರುವುದಾದರೆ ಅರ್ಧ ಆಗಿರುವುದನ್ನು ನೋಡೋಕೆ ಬನ್ನಿ.

ಮೊದಲು ಶಿವಾರಪಟ್ಟಣಕ್ಕೆ ಹೋಗಿ. ಮಾಲೂರು ತಾಲ್ಲೂಕು. ಹೊಸಕೋಟೆಯ ಟ್ರಾಫಿಕ್ಕು ಬಿಟ್ಟುಕೊಟ್ಟರೆ ಒಂದೂವರೆ ಗಂಟೆಯ ದಾರಿ. ತಲೆಮಾರುಗಳಿಂದ ಕಲ್ಲು ಕೆತ್ತುವ ವಿಶ್ವಕರ್ಮರ ಊರು ಅದು. ಮನೆ ಮುಂದೆ ಶೀಟು ಹೊದಿಸಿದ ಶೆಡ್ಡು, ಶೆಡ್ಡಿನ ಮುಂದೆ ಕಲ್ಲಿನ ದಿಮ್ಮಿ, ಪಕ್ಕದಲ್ಲಿ ಬೈಕು. ಊರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಈಗ ಉಳಿಯ ಸದ್ದಿಗಿಂತ ಗ್ರೈಂಡರ್ ಸದ್ದು ಜಾಸ್ತಿ. ಅದನ್ನು ಕೇಳಿ ಮುಖ ಸಿಂಡರಿಸುವ ಬೆಂಗಳೂರಿನವರನ್ನು ನೋಡಿದ್ದೇನೆ. ಕೈಯಲ್ಲೇ ಮಾಡಬೇಕಿತ್ತು, ಮಷಿನ್ ಬಂದು ಎಲ್ಲ ಹಾಳಾಯ್ತು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದಿನವಿಡೀ ಸುತ್ತಿಗೆ ಹಿಡಿದ ಭುಜ ಯಾರದು ಅನ್ನೋದೂ ಲೆಕ್ಕಕ್ಕೆ ಬರಬೇಕಲ್ವಾ? ಗ್ರೈಂಡರ್ ದಪ್ಪ ಕೆಲಸಕ್ಕೆ. ಮೂಗು, ತುಟಿ, ಬೆರಳಿನ ಉಗುರು ಇವೆಲ್ಲ ಈಗಲೂ ಉಳಿಯಲ್ಲೇ. ನನ್ನ ತಕರಾರು ಧೂಳಿನ ಬಗ್ಗೆ. ಹುಬ್ಬು, ರೆಪ್ಪೆ, ಮೂಗಿನ ತುದಿ ಎಲ್ಲ ಬೂದಿ ಬಣ್ಣ. ಹೆಚ್ಚೆಂದರೆ ಮುಖಕ್ಕೆ ಒಂದು ಟವೆಲ್ ಸುತ್ತಿರುತ್ತಾರೆ. ಆ ಧೂಳು ಎದೆಗೆ ಇಳಿದರೆ ವಾಪಸ್ ಬರುವುದಿಲ್ಲ.

ಒಂದು ಸಲ ನನ್ನ ಜೊತೆ ಓದಿದ ಗೆಳೆಯನನ್ನು ಕರೆದುಕೊಂಡು ಹೋಗಿದ್ದೆ. ಅವನ ಹೊಸ ಫ್ಲಾಟಿಗೆ ಒಂದು ಗಣಪತಿ ಬೇಕಿತ್ತು. ಶೆಡ್ಡಿನಲ್ಲಿ ವಯಸ್ಸಾದ ಆಚಾರ್ರು ಕೂತಿದ್ದರು. ಗಣಪತಿ ಬೇಕು ಅಂದ ತಕ್ಷಣ ಅವರು ಕೇಳಿದ ಮೊದಲ ಪ್ರಶ್ನೆ: "ಬಾಗಿಲು ಎಷ್ಟೆತ್ತರ?"

ಗೆಳೆಯನಿಗೆ ಅರ್ಥ ಆಗಲಿಲ್ಲ. ಶೆಡ್ಡಿನ ಬಾಗಿಲ ಕಡೆ ತಿರುಗಿ ನೋಡಿದ.

"ಅದಲ್ಲಪ್ಪ, ಗರ್ಭಗುಡಿ ಬಾಗಿಲು."

ವಿಗ್ರಹದ ಎತ್ತರ ಹೊರಡುವುದೇ ಬಾಗಿಲಿನಿಂದ. ಬಾಗಿಲಿನ ಎತ್ತರಕ್ಕೆ ಒಂದು ಲೆಕ್ಕ ಹಾಕಿ ಪೀಠ ಎಷ್ಟು, ಮೂರ್ತಿ ಎಷ್ಟು ಅಂತ ತೆಗೆಯುತ್ತಾರೆ. ಆಮೇಲೆ ಮೂರ್ತಿಯ ಎತ್ತರವನ್ನು ತಾಳಗಳಾಗಿ (ಒಂದು ತಾಳ ಅಂದರೆ ಒಂದು ಮುಖದ ಉದ್ದ) ಭಾಗ ಮಾಡಿ, ಮುಖ ಇಷ್ಟು, ಎದೆ ಇಷ್ಟು, ಮೊಣಕಾಲು ಇಲ್ಲಿ ಅಂತ ಕಲ್ಲಿನ ಮೇಲೆ ಗೀಟು ಎಳೆಯುತ್ತಾರೆ. ಗಣಪತಿಗೆ ಒಂದು ಲೆಕ್ಕ, ವಿಷ್ಣುವಿಗೆ ಬೇರೆ. ನಮ್ಮ ಗೆಳೆಯ, "ಗುಡಿ ಇಲ್ಲ ಆಚಾರ್ರೇ, ಹಾಲಲ್ಲಿ ಟಿವಿ ಪಕ್ಕ ಇಡೋದು" ಅಂದ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಹಾಗಾದರೆ ಟಿವಿ ಎಷ್ಟೆತ್ತರ ಹೇಳು" ಅಂದರು.

ಅದೇ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದಿಸಿದ ಒಂದು ಅಮ್ಮನವರ ಮೂರ್ತಿ ಇತ್ತು. ಸುಮಾರು ಮೂರಡಿ. ಕೈ, ಆಯುಧ, ಪ್ರಭಾವಳಿ ಎಲ್ಲ ಆಗಿತ್ತು. ಕಣ್ಣು ಮಾತ್ರ ಆಗಿರಲಿಲ್ಲ. ರೆಪ್ಪೆಗಳ ನಡುವೆ ನುಣ್ಣಗಿನ ಉಬ್ಬು, ಅಷ್ಟೇ. ಆರ್ಡರ್ ಕೊಟ್ಟ ಊರಿನವರು ಎರಡು ಪಾರ್ಟಿಯಾಗಿ ಗುಡಿ ಕೆಲಸ ನಿಂತುಹೋಗಿತ್ತಂತೆ. ಮುಂಗಡ ಬಂದಿದೆ, ಬಾಕಿ ಬಂದಿಲ್ಲ. ನಾಲ್ಕು ವರ್ಷವಾಗಿತ್ತು. ಬೇರೆಯವರಿಗೆ ಕೊಡಬಹುದಲ್ಲ ಅಂದೆ. "ಅವರ ಬಾಗಿಲಿಗೆ ಅಳತೆ ಮಾಡಿದ್ದು" ಅಂದರು. ನಾನು ಫೋನ್ ತೆಗೆದು ಫೋಟೋ ಹೊಡೆಯೋಕೆ ಹೋದೆ. ಆಗ ಮಾತ್ರ ಸ್ವಲ್ಪ ಗಡುಸಾಗಿ ಬೇಡ ಅಂದರು. ಕಣ್ಣು ತೆರೆಸುವುದು ಕೊನೆಯ ಕೆಲಸ. ಅದಕ್ಕೆ ಪೂಜೆ, ಮುಹೂರ್ತ ಎಲ್ಲ ಇದೆ. ಅದಕ್ಕೂ ಮುಂಚೆ ಅದು ಕಲ್ಲು, ಆಮೇಲೆ ದೇವರು. ಈ ಅಮ್ಮ ಎರಡೂ ಅಲ್ಲದ ಜಾಗದಲ್ಲಿ ನಾಲ್ಕು ವರ್ಷದಿಂದ ನಿಂತಿದ್ದರು.

ಕಲ್ಲು ಆರಿಸುವುದನ್ನೂ ತೋರಿಸಿ ಅಂತ ಕೇಳಿ. ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ಕಿವಿಗೊಡುತ್ತಾರೆ. ಗಂಟೆಯ ಹಾಗೆ ಮೊಳಗಿದರೆ ಗಂಡು ಕಲ್ಲು, ಸ್ವಲ್ಪ ಮೆತ್ತಗಿನ ನಾದವಾದರೆ ಹೆಣ್ಣು ಕಲ್ಲು, ನಾದವೇ ಇಲ್ಲದಿದ್ದರೆ ಅದು ಮೂರ್ತಿಗೆ ಆಗದ ಕಲ್ಲು. ಒಳಗೆ ಬಿರುಕೋ ಪೊಳ್ಳೋ ಇದ್ದರೆ ಸದ್ದು ಒಡೆಯುತ್ತದೆ. ಜಕಣಾಚಾರಿಯ ಕತೆ ನಿಮಗೂ ಗೊತ್ತಿರುತ್ತದೆ: ಬೇಲೂರಿನಲ್ಲಿ ಮಗ ಡಂಕಣ ಮೂರ್ತಿಯಲ್ಲಿ ದೋಷವಿದೆ ಅಂದದ್ದು, ಕಲ್ಲೊಳಗೆ ಕಪ್ಪೆ ಸಿಕ್ಕಿದ್ದು, ಅಪ್ಪ ಕೈ ಕಡಿದುಕೊಂಡದ್ದು. ಆ ಕೈ ಮತ್ತೆ ಬಂದ ಊರು ಕೈದಾಳ, ತುಮಕೂರಿನ ಪಕ್ಕದಲ್ಲೇ ಇದೆ. ಅಲ್ಲಿನ ಚೆನ್ನಕೇಶವನನ್ನು ನೋಡಬೇಕು. ಡಂಕಣ ನಮ್ಮ ಪಾಲಿಗೆ ಬಂದಿದ್ದಾನೆ. ಮುಳಬಾಗಿಲ ಹತ್ತಿರದ ಕುರುಡುಮಲೆಯಲ್ಲಿ ಸೋಮೇಶ್ವರ ಗುಡಿಯ ಅರ್ಧ ಅಪ್ಪ ಕೆತ್ತಿದ್ದು, ಇನ್ನರ್ಧ ಮಗ ಕೆತ್ತಿದ್ದು ಅನ್ನುತ್ತಾರೆ. ಮಗನದೇ ನಾಜೂಕು ಅಂತ ನಮ್ಮವರ ತೀರ್ಪು. ಕತೆ ಕತೆಯೇ, ಆದರೆ ಶಿವಾರಪಟ್ಟಣದ ಹುಡುಗರು ಕಲ್ಲು ಬಡಿದು ಕೇಳುವಾಗ ಕಪ್ಪೆಯ ಹೆಸರು ಹೇಳಿ ನಗುವುದನ್ನು ನಾನೇ ಕೇಳಿದ್ದೇನೆ.

ಕುರುಡುಮಲೆಗೆ ಹೇಗೂ ಜನ ಬರುವುದು ಗಣೇಶನಿಗಾಗಿ. ಒಂದೇ ಕಲ್ಲಿನಲ್ಲಿ 13.5 ಅಡಿ. ಅದೇ ದಿನ ಆವಣಿಯನ್ನೂ ಮುಗಿಸಬಹುದು. ನೊಳಂಬರ ಕಾಲದ ಗುಡಿಗಳು, ಹತ್ತನೇ ಶತಮಾನ. ರಾಮ, ಲಕ್ಷ್ಮಣ, ಭರತ, ಶತ್ರುಘ್ನ ನಾಲ್ವರ ಹೆಸರಿನಲ್ಲೂ ಒಂದೊಂದು ಲಿಂಗ. ಲಕ್ಷ್ಮಣೇಶ್ವರದ ಹೊರಗೋಡೆಯ ಹತ್ತಿರ ಸಂಜೆ ಐದಕ್ಕೆ ನಿಂತುಕೊಳ್ಳಿ, ಬಿಸಿಲು ಓರೆಯಾಗಿ ಬೀಳುವಾಗ.

ಹೆಸರಲ್ಲೇ ಗ್ಯಾಲರಿ ಇರುವ ಜಾಗ ಬೇಕೇ ಬೇಕು ಅಂದರೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋಗಿ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಊರು. ಅದರ ನೆನಪಿಗೆ ವೀರಸೌಧ ಇದೆ, ಒಳಗೆ ಸ್ವಾತಂತ್ರ್ಯ ಹೋರಾಟದ ಫೋಟೋ ಗ್ಯಾಲರಿ. ನೋಡಿ, ಆದರೆ ಅಲ್ಲೇ ಸಮಯ ಮುಗಿಸಬೇಡಿ. ಪಕ್ಕದ ಗುಡಿಯ ಸುತ್ತ ಸಾವಿರಾರು ನಾಗರಕಲ್ಲುಗಳಿವೆ. ಒಂದೊಂದು ಕಲ್ಲೂ ಒಬ್ಬರ ಹರಕೆ. ಮದುವೆ ಆಗದವರು, ಮಕ್ಕಳಾಗದವರು ಕೆತ್ತಿಸಿ ಇಟ್ಟದ್ದು. ಒಂದೇ ಚಿತ್ರ, ಹೆಡೆ ಎತ್ತಿದ ಹಾವು, ಜೋಡಿ ಹೆಣೆದ ಹಾವು. ಆದರೆ ಹತ್ತಿರ ಹೋದರೆ ಒಂದರ ಹೆಡೆ ಬೀಸಣಿಗೆಯ ಹಾಗೆ, ಇನ್ನೊಂದರದು ಬೊಗಸೆಯ ಹಾಗೆ. ಅರಿಶಿನ ಕುಂಕುಮ ಬಿದ್ದು ಬಿದ್ದು ಕೆಲವು ಸವೆದೇ ಹೋಗಿವೆ. ಕೆತ್ತಿದವರ ಹೆಸರು ಒಂದರ ಮೇಲೂ ಇಲ್ಲ.

ಕಲ್ಲು ಸಾಕು. ರಾತ್ರಿಯ ವಿಷಯಕ್ಕೆ ಬರೋಣ.

ನಮ್ಮ ಕಡೆ ಬಂದರೆ ನಿಮಗೆ ಮೊದಲು ಗೊಂದಲ ಆಗೋದು ಭಾಷೆ. ಅಮ್ಮ ಬೀದಿಯ ನಲ್ಲಿಯ ಹತ್ತಿರ ತೆಲುಗು, ಅಂಗಡಿಯಲ್ಲಿ ಕನ್ನಡ. ಕೆಜಿಎಫ್ ಕಡೆ ಹೋದರೆ ತಮಿಳು. ನಮ್ಮ ಚಿಕ್ಕಪ್ಪ ನಾಟಕದಲ್ಲಿ ಕೃಷ್ಣನ ಪಾರ್ಟು ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ಕು ಸಿಕ್ಕಿತು. ತುಂಬ ತೆಲುಗು ಪದ್ಯಗಳು, ಬರೆದದ್ದು ಕನ್ನಡ ಅಕ್ಷರದಲ್ಲಿ. ಚಿಕ್ಕಪ್ಪನಿಗೆ ತೆಲುಗು ಓದಲು ಬರುತ್ತಿರಲಿಲ್ಲ. ರಾಗ ಎಳೆಯಬೇಕಾದ ಕಡೆ ಕೆಂಪು ಪೆನ್ನಿನಲ್ಲಿ ಅಲೆಯ ಹಾಗೆ ಗೀಟು. ಒಂದು ಪುಟದ ಅಂಚಿನಲ್ಲಿ ಕನ್ನಡದಲ್ಲೇ, "ಇಲ್ಲಿ ಕೆಮ್ಮಬಾರದು." ಕೈವಾರದ ತಾತಯ್ಯನ ಕೀರ್ತನೆಗಳೂ ಹಾಗೇ, ಬಹುಪಾಲು ತೆಲುಗು, ನಾವು ಓದುವುದು ಕನ್ನಡ ಲಿಪಿಯಲ್ಲಿ. ಬಳೆ ಮಾರುತ್ತಿದ್ದ ನಾರಣಪ್ಪನೇ ಆಮೇಲೆ ಯೋಗಿಯಾಗಿ ಈ ತಾತಯ್ಯ ಆದದ್ದು. ಗುರುಪೂರ್ಣಿಮೆಗೆ ಕೈವಾರದಲ್ಲಿ ಮೂರು ದಿನ ಹಗಲು ರಾತ್ರಿ ಸಂಗೀತ ನಡೆಯುತ್ತದೆ. ರಾತ್ರಿ ಎರಡು ಗಂಟೆಗೆ ಹೋಗಿ ಕೂತರೆ ಜಾಗ ಆರಾಮವಾಗಿ ಸಿಗುತ್ತದೆ.

ನಾಟಕದ ಹುಚ್ಚು ನೋಡಬೇಕಾದರೆ ಮಾತ್ರ ತುಮಕೂರು ಜಿಲ್ಲೆ. ಒಪ್ಪಿಕೊಳ್ಳೋಕೆ ಸ್ವಲ್ಪ ಕಷ್ಟ, ಆದರೂ ನಿಜ. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ ನೆಲ ಅದು, ವೀರಣ್ಣನವರ ಊರು. ತುಮಕೂರಿನ ಕಲಾಕ್ಷೇತ್ರಕ್ಕೂ ಅವರದೇ ಹೆಸರು. ಆದರೆ ನಾನು ಹೇಳುತ್ತಿರುವುದು ಹಳ್ಳಿಗಳ ಕುರುಕ್ಷೇತ್ರ. ನನ್ನ ಹೆಂಡತಿಯ ತವರು ಗುಬ್ಬಿ ತಾಲ್ಲೂಕು. ಭಾಮೈದ ಒಂದು ವರ್ಷ ದುರ್ಯೋಧನನ ಪಾರ್ಟು ಹಿಡಿದ. ಅಲ್ಲಿ ಪಾರ್ಟು ಮಾಡುವವರಿಗೆ ದುಡ್ಡು ಕೊಡುವುದಿಲ್ಲ, ಅವರೇ ಕೊಡಬೇಕು. ದೊಡ್ಡ ಪಾರ್ಟಿಗೆ ದೊಡ್ಡ ದುಡ್ಡು. ಆ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಮೇಕಪ್ಪು, ದ್ರೌಪದಿ ರುಕ್ಮಿಣಿ ಪಾರ್ಟಿಗೆ ಹೊರಗಿನಿಂದ ಕರೆಸುವ ಕಲಾವಿದೆಯರು. ಭಾಮೈದ ಎರಡು ಹಸು ಮಾರಿದ್ದ. ಅತ್ತೆ ಒಂದು ತಿಂಗಳು ಮಾತು ಬಿಟ್ಟಿದ್ದರು. ನಾಟಕದ ರಾತ್ರಿ ಮುಂದಿನ ಸಾಲಿನಲ್ಲಿ ಕೂತು ಒನ್ಸ್ ಮೋರ್ ಅಂದವರೂ ಅವರೇ.

ನೀವು ನಾಟಕಕ್ಕಿಂತ ಪ್ರಾಕ್ಟೀಸಿಗೆ ಹೋಗಿ. ಊಟ ಆದ ಮೇಲೆ ಶಾಲೆಯ ಜಗುಲಿಯಲ್ಲಿ ಶುರುವಾಗುತ್ತದೆ. ಲುಂಗಿ ಉಟ್ಟ ಭೀಮ, ಗದೆಯ ಬದಲು ಬಡಿಗೆ. ಕರ್ಣ ಹಾಲಿನ ಡೈರಿ ಬಾಗಿಲು ಹಾಕಿ ತಡವಾಗಿ ಬರುತ್ತಾನೆ. ಮೇಷ್ಟ್ರು ಒಂದೇ ಕಂದಪದ್ಯವನ್ನು ಹತ್ತು ಸಲ ಹಾಡಿಸುತ್ತಾರೆ. ಶ್ರುತಿ ತಪ್ಪಿದರೆ ಹಾರ್ಮೋನಿಯಂ ನಿಲ್ಲಿಸಿ ಸುಮ್ನೆ ಮುಖ ನೋಡುತ್ತಾರೆ, ಬೈಗುಳಕ್ಕಿಂತ ಅದೇ ಜೋರು. ನಾಟಕದ ದಿನ ಇದೆಲ್ಲ ಜರಿ, ಕಿರೀಟ, ಮುಯ್ಯಿಯ ನೋಟಿನ ಹಾರದ ಹಿಂದೆ ಮುಚ್ಚಿಹೋಗುತ್ತದೆ. ದುರ್ಯೋಧನ ಸರೋವರಕ್ಕೆ ಇಳಿಯುವಷ್ಟರಲ್ಲಿ ಪೂರ್ವದಲ್ಲಿ ಬೆಳಕು ಬಂದಿರುತ್ತದೆ, ಮಕ್ಕಳೆಲ್ಲ ಚಾಪೆಯ ಮೇಲೆ ನಿದ್ದೆ.

ಇನ್ನು ತಮಟೆ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ಅವತ್ತು ನಮ್ಮ ಜಿಲ್ಲೆಗಳಲ್ಲಿ ಎಲ್ಲರ ಸ್ಟೇಟಸ್ಸಿನಲ್ಲೂ ಅವರ ಫೋಟೋ. ತಮಟೆ ದಲಿತರ ಕೇರಿಯ ವಾದ್ಯ. ಸಾವಿಗೆ, ಡಂಗುರಕ್ಕೆ, ದೇವರ ಮೆರವಣಿಗೆಗೆ ಬೇಕು. ಮೆರವಣಿಗೆ ಗುಡಿಯ ಬಾಗಿಲಿಗೆ ಬಂದರೆ ಬಾರಿಸುವವರು ಹೊರಗೇ ನಿಲ್ಲುವ ಊರುಗಳು ಇನ್ನೂ ಇವೆ. ಸ್ಟೇಟಸ್ ಹಾಕಿದ ಕೆಲವರ ಊರುಗಳೂ ಅದರಲ್ಲಿ ಸೇರಿವೆ. ಹೊರಗಿನವರಾದ ನಿಮಗೆ ಇದನ್ನು ಹೇಳದೆ ಬರೀ ತಾಳದ ಸೊಗಸು ಹೇಳಿದರೆ ಅದು ಸುಳ್ಳಾಗುತ್ತದೆ. ಬಾರಿಸುವ ಮೊದಲು ಹುಲ್ಲಿಗೆ ಬೆಂಕಿ ಹಚ್ಚಿ ತೊಗಲು ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ನೋಡುತ್ತಾರೆ, ಮತ್ತೆ ಕಾಯಿಸುತ್ತಾರೆ. ಮಂದ ಸದ್ದು ಮೆಲ್ಲಗೆ ಬಿಗಿಯಾಗಿ ಟಣ್ ಅನ್ನುವ ತನಕ ಪಕ್ಕದಲ್ಲಿ ನಿಂತು ಕೇಳಿ. ಶಿವಾರಪಟ್ಟಣದ ಆಚಾರ್ರು ಕಲ್ಲಿಗೆ ಕಿವಿ ಕೊಟ್ಟ ಹಾಗೆಯೇ ಇವರು ತೊಗಲಿಗೆ.

ಹೊರಗೆ ನಿಲ್ಲಿಸುವ ಈ ಲೆಕ್ಕವನ್ನು ಬಿಟ್ಟು ಕಟ್ಟಿದ ಜಾಗ ಅಂದರೆ ಕೋಲಾರದ ತೇರಹಳ್ಳಿ ಬೆಟ್ಟದ ಮೇಲಿನ ಆದಿಮ ಸಾಂಸ್ಕೃತಿಕ ಕೇಂದ್ರ. ಕವಿ, ನಾಟಕಕಾರ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ್ದು. ಅಂತರಗಂಗೆಯ ಬೆಟ್ಟಸಾಲಿನಲ್ಲೇ, ಮೇಲೆ. ಅವರ ಹುಣ್ಣಿಮೆ ಹಾಡು ಹೆಸರುವಾಸಿ: ಬೆಳದಿಂಗಳ ರಾತ್ರಿ ಬಯಲಿನಲ್ಲಿ ಹಾಡು, ನಾಟಕ. ನಾನು ಮೊದಲ ಸಲ ಹೋದಾಗ ಸ್ವೆಟರ್ ಇಲ್ಲದೆ ನಡುಗಿ, ಪಕ್ಕದವರ ಕಂಬಳಿಯ ಅರ್ಧ ಹೊದ್ದು ನಾಟಕ ನೋಡಿದ್ದೆ. ಕೆಳಗೆ ಕೋಲಾರದ ದೀಪಗಳು, ಮೇಲೆ ಬಂಡೆಗಳು ಬೆಳ್ಳಗೆ. ಹೊರಡುವ ಮೊದಲು ಆ ತಿಂಗಳು ಏನಿದೆ ಅಂತ ವಿಚಾರಿಸಿಕೊಳ್ಳಿ.

ಒಂದೇ ಭಾನುವಾರದಲ್ಲಿ ಇದೆಲ್ಲ ಆಗುವುದಿಲ್ಲ. ಒಂದೇ ಅಂದರೆ ಶಿವಾರಪಟ್ಟಣ. ಬೆಳಿಗ್ಗೆ ಹತ್ತರೊಳಗೆ ತಲುಪಿ, ಬಿಳಿ ಬಟ್ಟೆ ಬೇಡ, ಫೋಟೋಗೆ ಮುಂಚೆ ಕೇಳಿ. ಏನಾದರೂ ಮಾಡಿಸುವ ಮನಸ್ಸಿದ್ದರೆ ಮನೆಯಲ್ಲಿ ಟೇಪು ಹಿಡಿದು ಬಾಗಿಲಿನ ಎತ್ತರ ಬರೆದುಕೊಂಡೇ ಹೊರಡಿ. ಹೇಗೂ ಕೇಳುತ್ತಾರೆ. ನನ್ನ ಗೆಳೆಯನ ಗಣಪತಿ ಹದಿನಾಲ್ಕು ಇಂಚಿನದು, ಟಿವಿಗಿಂತ ಸ್ವಲ್ಪ ಗಿಡ್ಡ. ಮೊನ್ನೆ ಅವನು ಟಿವಿ ಬದಲಾಯಿಸಿ ದೊಡ್ಡದು ತಂದಿದ್ದಾನೆ. ಆಚಾರ್ರಿಗೆ ಹೇಳಬೇಡ ಅಂದಿದ್ದಾನೆ.