ಹೆಡ್‌ಮಾಸ್ತರರನ್ನು ಕಡಲ್ ಮಾಡಿದ ಚೀಫ್ ಗೆಸ್ಟ್

ಪ್ರಶ್ನೆ: ಅಕ್ಕೋರಿಗೆ ನಮಸ್ಕಾರ. ನಾನು ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳು. ಹೋದ ವಾರ ಸ್ಕೂಲ್ ಡೇ ಬಗ್ಗೆ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯಲು ಹೇಳಿದ್ದೆ. ಒಬ್ಬ ಹುಡುಗ 'ದಿ ಚೀಫ್ ಗೆಸ್ಟ್ ಕಡಲ್ಡ್ ದಿ ಹೆಡ್‌ಮಾಸ್ಟರ್' ಅಂತ ಬರೆದಿದ್ದಾನೆ. ತಪ್ಪು ಅಂದೆ. ಯಾಕೆ ತಪ್ಪು ಅಂತ ಕೇಳಿದ. ನನಗೆ ಹೇಳಲು ಬರಲಿಲ್ಲ. ನಮ್ಮ ಮನೆಯ ಡಿಕ್ಷನರಿಯಲ್ಲಿ ಹಗ್, ಕಡಲ್, ಎಂಬ್ರೇಸ್ ಮೂರಕ್ಕೂ 'ಅಪ್ಪಿಕೊಳ್ಳು' ಅಂತಲೇ ಇದೆ. ಹೇಗೆ ಹೇಳಿಕೊಡಲಿ?
ಹೆಸರು ಬೇಡ, ಬಾಗಲಕೋಟೆ

ಉತ್ತರ: ಓದಿ ನಕ್ಕುಬಿಟ್ಟೆ. ಚೀಫ್ ಗೆಸ್ಟ್ ಸಾಹೇಬರು ಸ್ಟೇಜಿನ ಮೇಲೆ ಹೆಡ್‌ಮಾಸ್ತರರನ್ನು ತೊಡೆ ಮೇಲೆ ಕೂರಿಸಿಕೊಂಡು ಮುದ್ದು ಮಾಡಿದ ಹಾಗೆ ಕಣ್ಣಿಗೆ ಕಟ್ಟಿತು. ಇದನ್ನೇ ಆ ಹುಡುಗನಿಗೂ ಹೇಳಿ ನೋಡಿ. ಅವನೂ ನಗುತ್ತಾನೆ, ಮತ್ತೆ ಆ ತಪ್ಪು ಮಾಡುವುದಿಲ್ಲ.

ತಪ್ಪು ಹುಡುಗನದಲ್ಲ, ಡಿಕ್ಷನರಿಯಿಂದ ಒಂದೇ ಮಾತು ಎತ್ತಿ ಕೊಡುವ ನಮ್ಮ ಅಭ್ಯಾಸದ್ದು. ಕನ್ನಡದಲ್ಲಿ ಇದಕ್ಕೆ ಒಂದೇ ಮಾತು ಇದೆಯಾ ಹೇಳಿ? ತಬ್ಬಿಕೊಂಡ, ಅಪ್ಪಿಕೊಂಡ, ಅವಚಿಕೊಂಡ, ಮುದ್ದು ಮಾಡಿದ, ಎಲ್ಲಾ ಇವೆ. ಸಂತೆಯಲ್ಲಿ ಹಳೆ ಗೆಳೆಯ ಸಿಕ್ಕರೆ ನಮ್ಮ ಕಡೆ 'ತೆಕ್ಕಿ ಹಾಯ್ದರು' ಅಂತೇವೆ, 'ಮುದ್ದು ಮಾಡಿದರು' ಅಂತ ಯಾರೂ ಅನ್ನುವುದಿಲ್ಲ ಅಲ್ವಾ? ಅಂದರೆ ವ್ಯತ್ಯಾಸ ಆ ಹುಡುಗನಿಗೆ ಮೊದಲೇ ಗೊತ್ತಿದೆ. ಇಂಗ್ಲಿಷ್ ಹೆಸರುಗಳನ್ನು ಅದಕ್ಕೆ ಹಚ್ಚಿಕೊಟ್ಟರೆ ಸಾಕು.

ನಾನು ಕ್ಲಾಸಿನಲ್ಲಿ ಅರ್ಥ ಹೇಳುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದೆ. ಯಾರು ಯಾರಿಗೆ ಮಾಡಿದರು? ಎಷ್ಟು ಹೊತ್ತು? ನಿಂತೋ, ಕೂತೋ, ಮಲಗಿಯೋ?

ಹಗ್ ಅಂದರೆ ಸಾಮಾನ್ಯವಾಗಿ ನಿಂತಲ್ಲೇ, ಸ್ವಲ್ಪ ಹೊತ್ತು. ಪುಣೆಯಿಂದ ಬಸ್ಸಿಳಿದ ಕಾಕಾ ಎರಡೂ ಕೈ ಚಾಚಿ ತಬ್ಬಿಕೊಂಡು, ಬೆನ್ನಿಗೆ ಎರಡು ಬಡಿದು, 'ಎಷ್ಟ ದೊಡ್ಡವ ಆಗೀಯಲೇ' ಅಂತ ಬಿಟ್ಟುಬಿಡುತ್ತಾರಲ್ಲ, ಅದು ಹಗ್. ಗೆಳೆಯರಿಗೂ ಆದೀತು, ಅಮ್ಮನಿಗೂ ಆದೀತು, ಕಪ್ ಗೆದ್ದ ಕಬಡ್ಡಿ ಟೀಮಿನವರಿಗೂ ಆದೀತು.

ಕಡಲ್ ಹಾಗಲ್ಲ. ಅದಕ್ಕೆ ಪುರುಸೊತ್ತು ಬೇಕು. ಕೂತು ಅಥವಾ ಮಲಗಿ, ಮೈಗೆ ಮೈ ಹತ್ತಿಸಿಕೊಂಡು, ಸುಮ್ನೆ ಇರುವುದು. ಜ್ವರ ಬಂದ ಕೂಸನ್ನು ಅವ್ವ ಎದೆಗೆ ಅವಚಿಕೊಂಡು ಕೂತಿರುತ್ತಾಳಲ್ಲ, ಅದು. ಗೊಂಬೆಗೂ ಮಾಡಬಹುದು, ಬೆಕ್ಕಿನ ಮರಿಗೂ ಮಾಡಬಹುದು. ಹೆಡ್‌ಮಾಸ್ತರರಿಗೆ ಮಾತ್ರ ಬೇಡ.

ಸ್ನಗಲ್ ಕೂಡ ಈ ಮನೆತನದ್ದೇ, ಆದರೆ ಅದರಲ್ಲಿ ಬೆಚ್ಚಗಿನ ಜಾಗ ಹುಡುಕುವ ಗುಣ ಜಾಸ್ತಿ. ಸ್ನಗ್ ಅಂದರೆ ಬೆಚ್ಚಗೆ, ಹಿತವಾಗಿ ಇರುವುದು, ಸ್ನಗಲ್ ಹುಟ್ಟಿದ್ದು ಅದರಿಂದಲೇ. ಬೆಳಗಾವಿಯ ಜಿಟಿಜಿಟಿ ಮಳೆಯಲ್ಲಿ, ಕರೆಂಟ್ ಹೋದ ರಾತ್ರಿ, ಅಜ್ಜಿ ಹೊಲಿದ ಕೌದಿಯೊಳಗೆ ಮೊಮ್ಮಕ್ಕಳು ನುಸುಳಿ, ಅಜ್ಜಿಯ ಮಗ್ಗುಲಿಗೆ ಹುದುಗಿಕೊಂಡು, ತಣ್ಣಗಿನ ಕಾಲು ಅವಳ ಹೊಟ್ಟೆಗೆ ಹಚ್ಚಿ ಬೈಸಿಕೊಳ್ಳುತ್ತಾರಲ್ಲ, ಅದು ಸ್ನಗಲ್. ಕೌದಿ ಅಂದಕೂಡಲೇ ಮಕ್ಕಳ ಮುಖ ಅರಳುತ್ತದೆ, ಆಮೇಲೆ ಅರ್ಥ ಹೇಳುವ ಕೆಲಸವೇ ಉಳಿಯುವುದಿಲ್ಲ.

ಎಂಬ್ರೇಸ್ ಸ್ವಲ್ಪ ಇಸ್ತ್ರಿ ಹಾಕಿದ ಮಾತು. ಕತೆಯಲ್ಲಿ, ಪೇಪರಿನಲ್ಲಿ ಜಾಸ್ತಿ, ಮನೆಯ ಮಾತಿನಲ್ಲಿ ಕಡಿಮೆ. ಇದು ಫ್ರೆಂಚಿನಿಂದ ಬಂದದ್ದು. ಒಳಗಿರುವ 'ಬ್ರಾ' ಅಂದರೆ ಅಲ್ಲಿ ತೋಳು, ಕೈಗೆ ಹಾಕುವ ಬ್ರೇಸ್ಲೆಟ್ ಕೂಡ ಅದರ ಸಂಬಂಧಿಯೇ. ತೋಳಿನಿಂದ ಬಳಸುವುದು ಅಂತ ಅರ್ಥ, ನಮ್ಮ ತೋಳತೆಕ್ಕೆ ಇದ್ದ ಹಾಗೆ. ದಸರೆಯ ದಿನ ಬನ್ನಿ ಕೊಟ್ಟು 'ಬಂಗಾರದಂಗ ಇರೂಣು' ಅಂತ ದೊಡ್ಡವರು ತೆಕ್ಕೆ ಬೀಳುವುದು, ರಮಜಾನ್ ನಮಾಜು ಮುಗಿಸಿ ಒಬ್ಬರನ್ನೊಬ್ಬರು ಆಲಂಗಿಸಿಕೊಳ್ಳುವುದು, ಇಲ್ಲೆಲ್ಲ ಎಂಬ್ರೇಸ್ ಚೆನ್ನಾಗಿ ಕೂರುತ್ತದೆ. ಹಾಗಂತ ಹಗ್ ಬರೆದರೆ ತಪ್ಪೇನಲ್ಲ, ಮಾರ್ಕ್ಸ್ ಕಡಿಯಬೇಡಿ. ನಿಮ್ಮ ಸ್ಕೂಲ್ ಡೇ ಸಾಲಿಗೂ ಎಂಬ್ರೇಸ್ ಅಥವಾ ಹಗ್ ಸರಿ.

ಎಂಬ್ರೇಸ್‌ಗೆ ಇನ್ನೊಂದು ಕೆಲಸವೂ ಇದೆ. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಅವರು ನಾಗಪುರದಲ್ಲಿ ಬೌದ್ಧ ಧರ್ಮಕ್ಕೆ ಬಂದದ್ದನ್ನು ಇಂಗ್ಲಿಷಿನಲ್ಲಿ 'ಎಂಬ್ರೇಸ್ಡ್ ಬುದ್ಧಿಸಮ್' ಅಂತ ಬರೆಯುತ್ತಾರೆ. ಅಲ್ಲಿ ಹಗ್ ಅಂತ ಹಾಕಿದರೆ ಕೆಟ್ಟಿತು. ಐದನೇ ಕ್ಲಾಸಿಗೆ ಇಷ್ಟು ಸಾಕು.

ಒಂದು ಸ್ಪೆಲಿಂಗ್ ಮಾತು ಹೇಳಿಬಿಡುತ್ತೇನೆ, ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಆಗುತ್ತಿದ್ದ ಅನಾಹುತ ಇದು. ಹಗ್ ಕೊನೆಗೆ ಮಕ್ಕಳು ಸುಮ್ನೆ ಒಂದು 'ಇ' ಸೇರಿಸುತ್ತಾರೆ, ಅದು ಹ್ಯೂಜ್, ಅಂದರೆ 'ಭಾರಿ ದೊಡ್ಡ' ಆಗುತ್ತದೆ. 'ಅಜ್ಜಿ ನನಗೆ ಒಂದು ಭಾರಿ ದೊಡ್ಡ ಕೊಟ್ಟಳು' ಅನ್ನುವಂತಾಗುತ್ತದೆ. ಹಗ್ಡ್, ಹಗಿಂಗ್ ಬರೆಯುವಾಗ 'ಜಿ' ಎರಡು ಸಲ. ಮೆಲ್ಲಗೆ ತಟ್ಟುವ ಪ್ಯಾಟ್‌ಗೂ ಹಾಗೇ, 'ಟಿ' ಎರಡು. ಕಡಲ್, ಸ್ನಗಲ್ ಕೊನೆಗೆ 'ಇ' ಮೊದಲೇ ಇರುವುದರಿಂದ 'ಡಿ' ಒಂದು ಅಂಟಿಸಿದರೆ ಮುಗಿಯಿತು.

ಆಟದ ಹಾಗೆ ಮಾಡಿಸಿ. ಒಂದು ಗೊಂಬೆ ಇಡಿ, ಚೀಟಿ ಎತ್ತಿಸಿ, ಚೀಟಿಯಲ್ಲಿದ್ದುದನ್ನು ಗೊಂಬೆಗೆ ಮಾಡಿ ತೋರಿಸಲಿ, ಉಳಿದವರು ಹೆಸರು ಹೇಳಲಿ. ಮಕ್ಕಳು ಒಬ್ಬರಿಗೊಬ್ಬರು ಮಾಡಿ ತೋರಿಸುವುದು ಬೇಡ. ಕೆಲವರಿಗೆ ಮುಜುಗರ, ಹೇಳುವುದಿಲ್ಲ.

ಪ್ರಶ್ನೆ: ನನ್ನ ಮಗಳು ಮೂರನೇ ಕ್ಲಾಸು. ಟೀಚರ್ಸ್ ಡೇಗೆ ತನ್ನ ಗಣಿತದ ಸರ್‌ಗೆ ಕಾರ್ಡ್ ಮಾಡಿ 'ಐ ಲವ್ ಯು ಸರ್' ಅಂತ ಬರೆದಳು. ನಮ್ಮ ಅವ್ವ 'ಏನ್ ಹುಡುಗಿ ಇದು, ಮಾಸ್ತರಗ ಲವ್ ಅಂತ ಬರದಾಳಲ್ಲ' ಅಂತ ಎರಡು ದಿನ ಮಾತು ಬಿಟ್ಟಳು. ಯಾರದು ಸರಿ?
ಒಬ್ಬ ತಂದೆ, ವಿಜಯಪುರ

ಉತ್ತರ: ಇಬ್ಬರದೂ ಸರಿ ಸರ್, ಭಾಷೆ ಬೇರೆ ಬೇರೆ. ಇಂಗ್ಲಿಷಿನ ಲವ್ ಬಹಳ ಅಗಲದ ಮಾತು. ಅಪ್ಪ, ಅಮ್ಮ, ಕ್ರಿಕೆಟ್, ಮಾವಿನ ಹಣ್ಣು, ಎಲ್ಲಕ್ಕೂ ನಡೆಯುತ್ತದೆ. ಅದೇ ಲವ್ ಕನ್ನಡಕ್ಕೆ ಬಂದಾಗ ಹುಡುಗ ಹುಡುಗಿಯ ವಿಷಯಕ್ಕಷ್ಟೇ ನಿಂತುಬಿಟ್ಟಿತು. ನಿಮ್ಮ ಅವ್ವ ಓದಿದ್ದು ಕನ್ನಡದ ಲವ್, ಮಗಳು ಬರೆದದ್ದು ಇಂಗ್ಲಿಷಿನ ಲವ್. ಅವ್ವನಿಗೆ 'ಸರ್ ಮ್ಯಾಲ ಆಕಿಗೆ ಭಾಳ ಜೀವ' ಅಂತ ಹೇಳಿ ನೋಡಿ, ಸಮಾಧಾನ ಆದೀತು. ಜೀವ ಅನ್ನುವ ನಮ್ಮ ಈ ಮಾತಿಗೆ ಸರಿಸಾಟಿ ಇಂಗ್ಲಿಷಿನಲ್ಲಿ ನನಗಂತೂ ಸಿಕ್ಕಿಲ್ಲ.

ಆದರೂ ಮೇಷ್ಟ್ರಿಗೆ ಬರೆಯುವಾಗ 'ಯು ಆರ್ ಮೈ ಫೇವರಿಟ್ ಟೀಚರ್' ಅಥವಾ 'ಐ ಲವ್ ಯುವರ್ ಕ್ಲಾಸ್' ಅಂತ ಬರೆಯುವುದು ಹೆಚ್ಚು ಒಪ್ಪುತ್ತದೆ. ಬೈದು ಹೇಳಬೇಡಿ, ಸುಮ್ನೆ ಮುಂದಿನ ಕಾರ್ಡಿಗೆ ಕಲಿಸಿ. ಲೈಕ್ ಅಂದರೆ ಇಷ್ಟ. ಫಾಂಡ್ ಅಂದರೆ ಬಹಳ ದಿನದ ಒಡನಾಟದಿಂದ ಹುಟ್ಟಿದ ಅಕ್ಕರೆ, 'ಅಜ್ಜನ್ನ ಭಾಳ ಹಚ್ಚಿಕೊಂಡಾಳ' ಅಂತೀವಲ್ಲ, ಅದಕ್ಕೆ ಹತ್ತಿರ. ಯಾರ ಮೇಲೆ ಅಕ್ಕರೆ ಅಂತ ಹೇಳುವಾಗ ಫಾಂಡ್ ಆದ ಮೇಲೆ 'ಆಫ್' ಬರಬೇಕು.

ಒಂದು ಎಚ್ಚರಿಕೆ. ಲವರ್ ಅನ್ನುವ ಮಾತು. ಮ್ಯೂಸಿಕ್ ಲವರ್, ಡಾಗ್ ಲವರ್ ಸರಿ. 'ಮೈ ಕಾಕಾ ಇಸ್ ಮೈ ಲವರ್' ಅಂತ ಪ್ರಬಂಧದಲ್ಲಿ ಬಂದರೆ ಮನೆಯಲ್ಲಿ ಪಂಚಾಯ್ತಿ ಸೇರುತ್ತದೆ. ನಾನು ಓದಿದ್ದೇನೆ ಇಂಥ ಪ್ರಬಂಧ, ಬರೆದ ಹುಡುಗನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಲವ್‌ಗೆ 'ಆರ್' ಸೇರಿಸಿದ್ದ ಅಷ್ಟೇ. ಹಾಗೇ ರಜಾ ಚೀಟಿಯ 'ಡಿಯರ್ ಸರ್'ನಲ್ಲಿ ಪ್ರೀತಿ ಏನೂ ಇಲ್ಲ, ಅದು ಬರೀ ರಿವಾಜು. ಇದನ್ನೂ ಅವ್ವನಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ಮದುವೆ ಮನೆಗೆ ಹೋದರೆ ನೆಂಟರೆಲ್ಲ ನನ್ನ ಆರು ವರ್ಷದ ಮಗಳ ಗಲ್ಲ ಹಿಂಡಿ 'ಒಂದು ಕಿಸ್ ಕೊಡು' ಅಂತಾರೆ. ಅವಳು ನನ್ನ ಸೆರಗಿನ ಹಿಂದೆ ಅಡಗುತ್ತಾಳೆ. ಇಂಗ್ಲಿಷ್ ಮೀಡಿಯಂ ಓದುವವಳು, ಏನು ಹೇಳಬೇಕು ಅಂತ ಕಲಿಸಲಿ?
ಗೋಕಾಕದಿಂದ ಒಬ್ಬ ತಾಯಿ

ಉತ್ತರ: 'ನೋ, ಥ್ಯಾಂಕ್ ಯು' ಸಾಕು ತಂಗಿ. ಕನ್ನಡದಲ್ಲಾದರೆ 'ಬ್ಯಾಡ್ರಿ'. ಅಷ್ಟು ಹೇಳಿ ಕೈ ಮುಗಿದರೆ ಯಾರಿಗೂ ಅವಮಾನ ಆಗುವುದಿಲ್ಲ. ಆಗಲೂ ಒತ್ತಾಯ ಮಾಡಿದರೆ ಮಾತಾಡಬೇಕಾದವರು ನೀವು, ಮಗು ಅಲ್ಲ.

ಮಾತುಗಳ ವಿಷಯಕ್ಕೆ ಬಂದರೆ, ಕಿಸ್ ಎಲ್ಲಾ ಥರದ ಮುತ್ತಿಗೂ ಆಗುತ್ತದೆ. ಪೆಕ್ ಅಂದರೆ ಗಲ್ಲಕ್ಕೋ ಹಣೆಗೋ ಚಿಕ್ಕದೊಂದು, ಕೋಳಿ ಕಾಳು ಕುಕ್ಕಿದ ಹಾಗೆ. ಕೋಳಿಯ ಕುಕ್ಕಿಗೂ ಪೆಕ್ ಅಂತಲೇ ಅನ್ನುತ್ತಾರೆ. ಇನ್ನು ಫಾಂಡಲ್ ಅಂತ ಒಂದಿದೆ, ಫಾಂಡ್‌ನ ನೆಂಟ. ಹಳೆ ಕತೆಗಳಲ್ಲಿ ಮುದ್ದಿನಿಂದ ಸವರುವುದು ಅಂತಷ್ಟೇ ಇತ್ತು. ಈಗ ಆ ಮಾತು ಬರುವುದು ಹೆಚ್ಚಾಗಿ ಕೆಟ್ಟ ಉದ್ದೇಶದಿಂದ ಮೈ ಮುಟ್ಟಿದ ಸುದ್ದಿಗಳಲ್ಲಿ. ಹಾಗಾಗಿ ಹಳೆ ಡಿಕ್ಷನರಿ ನೋಡಿ 'ಮುದ್ದಿಸು ಅಂದರೆ ಫಾಂಡಲ್' ಅಂತ ಮಕ್ಕಳಿಗೆ ಬರೆಸಲೇಬೇಡಿ. ಮಗುವಿಗೆ ತನ್ನ ಮೈಯ ಭಾಗಗಳ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಾಚಿಕೆ ಇಲ್ಲದೆ ಹೇಳಲು ಬಂದರೆ ಅದು ಇವೆಲ್ಲಕ್ಕಿಂತ ಜಾಸ್ತಿ ಉಪಯೋಗ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಮಕ್ಕಳ ಸಹಾಯವಾಣಿ 1098, ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿ.

ಪ್ರಶ್ನೆ: ನಮ್ಮ ಅಪ್ಪನಿಗೆ ಹೋದ ವರ್ಷ ಸ್ಟ್ರೋಕ್ ಆಯಿತು. ಈಗ ಮಗನ ಪಾಠದಲ್ಲಿ 'ಶಿ ಸ್ಟ್ರೋಕ್ಡ್ ದಿ ಡಾಗ್' ಅಂತ ಬಂದಿದೆ. ನಾಯಿಗೂ ಸ್ಟ್ರೋಕ್ ಆಯ್ತೇನು ಅಂತ ಅಳುಮುಖ ಮಾಡಿ ಕೇಳುತ್ತಾನೆ. ಮನೆಯಲ್ಲಿ ನಾಯಿ ಸಾಕಿದ್ದೇವೆ.
ಮುಧೋಳದ ಓದುಗರು

ಉತ್ತರ: ಪಾಪ, ಹುಡುಗ ಹೆದರಿದ್ದಾನೆ. ಅವನಿಗೆ ಹೀಗೆ ಹೇಳಿ. ಸ್ಟ್ರೋಕ್ ಹೆಸರಾಗಿ ಬಂದಾಗ ಒಂದು ಹೊಡೆತ ಅಂತ ಅರ್ಥ. ಸ್ಟ್ರೈಕ್ ಅಂದರೆ ಹೊಡೆಯುವುದು, ಅದರ ಬಳಗದ ಮಾತಿದು. ನಾವೂ 'ಲಕ್ವಾ ಹೊಡೀತು' ಅಂತಲೇ ಅಂತೀವಲ್ಲ, ನೋಡಿ, ಎರಡೂ ಭಾಷೆಯವರಿಗೆ ಅದು ಹೊಡೆತದ ಹಾಗೇ ಕಂಡಿದೆ. ಅದೇ ಸ್ಟ್ರೋಕ್ ಕ್ರಿಯೆಯಾಗಿ ನಾಯಿಗೋ ಕೂದಲಿಗೋ ಸೇರಿದರೆ, ಅಂಗೈಯನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಎಳೆಯುವುದು, ನೇವರಿಸುವುದು. ಕಾರಹುಣ್ಣಿಮೆಯ ದಿನ ಎತ್ತಿನ ಮೈದಡವುತ್ತಾರಲ್ಲ, ಹಾಗೆ. ಪ್ಯಾಟ್ ಅಂದರೆ ಎಳೆಯುವುದಿಲ್ಲ, ಮೆಲ್ಲಗೆ ತಟ್ಟುವುದು. 'ಪ್ಯಾಟ್ ಆನ್ ದಿ ಬ್ಯಾಕ್' ಅಂದರೆ ಬೆನ್ನು ಚಪ್ಪರಿಸುವುದು, ಶಭಾಶ್ ಅನ್ನುವುದು. ಪೆಟ್ ಅಂದರೆ ಸಾಕುಪ್ರಾಣಿ, ಅದನ್ನು ಮುದ್ದಿನಿಂದ ಸವರುವುದಕ್ಕೂ ಪೆಟ್ ಅಂತಾರೆ.

ಮುಧೋಳದವರು, ಸಾಕಿದ್ದು ಮುಧೋಳ ನಾಯಿಯೇ ಇರಬೇಕು ಅಂದುಕೊಂಡಿದ್ದೇನೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ನಾಯಿ ಅದು. ಮಗನನ್ನು ಅದರ ಪಕ್ಕ ಕೂರಿಸಿ. ಕುತ್ತಿಗೆಯಿಂದ ಬಾಲದವರೆಗೆ ಕೈಯಾಡಿಸಲಿ, ಅದು ಸ್ಟ್ರೋಕ್. ಭುಜಕ್ಕೆ ಎರಡು ತಟ್ಟಲಿ, ಅದು ಪ್ಯಾಟ್. ನಾಯಿ ತಾನೇ ಮೂತಿ ತಂದು ಅವನ ಕಂಕುಳಿಗೆ ತಿಕ್ಕಿದರೆ ಅದಕ್ಕೂ ಒಂದು ಹೆಸರಿದೆ, ನಝಲ್. ನೋಸ್ ಅಂದರೆ ಮೂಗು, ಅದರಿಂದ ಹುಟ್ಟಿದ ಮಾತು. ಉಣ್ಣುವ ಹೊತ್ತಿನಲ್ಲಿ ಮಾತ್ರ ಈ ಪಾಠ ಬೇಡ, ತಟ್ಟೆಗೆ ಬಾಯಿ ಹಾಕಿದಾಗ ಮುಟ್ಟಿದರೆ ಸಾಧು ನಾಯಿಯೂ ಗುರ್ ಅನ್ನುತ್ತದೆ.